ರಾಣಿ ಸತ್ತ ಮೇಲೆ ಅಡಿಗೆ ಯಾರು ಮಾಡಿದರು?

ಪುಸ್ತಕ ಓದಿ ಮುಗಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಪ್ರತಿ ಸಲ ಯಾರನ್ನಾದರೂ ಏನಾದರೂ ಕೇಳುತ್ತೇನೆ, ಪ್ರತಿ ಸಲ ಏನಾದರೊಂದು ಆಗಿಯೇ ತೀರುತ್ತದೆ.

ನಾನಿರುವುದು ಸಿಂಧನೂರಿನಲ್ಲಿ, ವಿಜ್ಞಾನ ಕಲಿಸುವುದು ಮಸ್ಕಿಯ ಒಂದು ಹೈಸ್ಕೂಲಿನಲ್ಲಿ. ಒಂದು ಹಳೇ ಗ್ರೀಕ್ ದುರಂತ ನಾಟಕದ ಕನ್ನಡ ಅನುವಾದ ಕೈಗೆ ಸಿಕ್ಕಿತ್ತು. ಕಥೆ ಇಷ್ಟೇ. ಅಣ್ಣತಮ್ಮಂದಿರಿಬ್ಬರು ಗಾದಿಗಾಗಿ ಬಡಿದಾಡಿ ಇಬ್ಬರೂ ಸತ್ತರು. ಗಾದಿಗೆ ಬಂದ ಅವರ ಸೋದರಮಾವ ಒಬ್ಬನಿಗೆ ಮರ್ಯಾದೆಯಿಂದ ಮಣ್ಣು ಮಾಡಿಸಿ, ಊರಿನ ಮೇಲೆ ದಂಡು ತಂದ ಇನ್ನೊಬ್ಬನ ಹೆಣವನ್ನು ನಾಯಿ-ನರಿಗೆ ಬಿಟ್ಟ. ಮಣ್ಣು ಕೊಟ್ಟವರಿಗೆ ಸಾವೇ ಶಿಕ್ಷೆ ಎಂದು ಡಂಗುರ ಹೊಡೆಸಿದ. ಸತ್ತವರಿಗೆ ಇಬ್ಬರು ತಂಗಿಯರು. ಒಬ್ಬಳು ಹೆದರಿ ಕೂತಳು, ಇನ್ನೊಬ್ಬಳು ಹೋಗಿ ಮಣ್ಣು ಹಾಕಿ ಬಂದಳು. ಮಾವ ಆಕೆಯನ್ನು ಜೀವಂತ ಗವಿಯಲ್ಲಿಟ್ಟು ಕಲ್ಲು ಮುಚ್ಚಿಸಿದ. ಆಕೆಯನ್ನು ಮದುವೆಯಾಗಬೇಕಿದ್ದವನೋ ಇದೇ ಮಾವನ ಮಗ! ಕಡೆಗೆ ಕಾಲಜ್ಞಾನ ಹೇಳುವ ಮುದುಕನೊಬ್ಬ ಬೈದ ಮೇಲೆ ರಾಜನಿಗೆ ಬುದ್ಧಿ ಬಂತು. ಆದರೆ ಅವನು ಮೊದಲು ಹೆಣಕ್ಕೆ ಮಣ್ಣು ಮಾಡಿ, ಆಮೇಲೆ ಗವಿಗೆ ಹೋದ. ಅಷ್ಟರಲ್ಲಿ ಹುಡುಗಿ ನೇಣು ಹಾಕಿಕೊಂಡಿದ್ದಳು. ಮಗ ಅಲ್ಲೇ ಇರಿದುಕೊಂಡ. ಸುದ್ದಿ ಕೇಳಿದ ರಾಣಿ ಮಾತಿಲ್ಲದೆ ಒಳಗೆ ಹೋಗಿ ಪ್ರಾಣ ಬಿಟ್ಟಳು.

ನಾಟಕ ಮುಗಿಯಿತು. ನನ್ನ ಪ್ರಶ್ನೆಗಳು ಮುಗಿಯಲಿಲ್ಲ.

ಉಳಿದ ಹುಡುಗಿ

ಮೊದಲು ಕೇಳಿದ್ದು ಪಕ್ಕದ ಮನೆಯ ಅಜ್ಜಿಯನ್ನು. ನಮ್ಮ ಓಣಿಯ ಅರ್ಧ ಮದುವೆ ಕೂಡಿಸಿದಾಕೆ. ಪುಂಡಿಪಲ್ಯದ ಎಲೆ ಬಿಡಿಸಿ ಸೋಸುತ್ತಾ ಕಥೆ ಕೇಳಿದಳು, ಒಂದೊಂದು ಸಾವಿಗೂ "ಅಯ್ಯ ಶಿವನೇ" ಅಂದಳು.

"ಆಯಿ, ಹೆದರಿ ಕುಂತ ಆ ಇನ್ನೊಬ್ಬ ತಂಗಿ ಕಡೀಗೆ ಏನಾದ್ಲು? ಪುಸ್ತಕದಾಗ ಬರದಾ ಇಲ್ಲ."

"ಸತ್ತಿಲ್ಲ ಹೌದಿಲ್ಲೋ?"

"ಇಲ್ಲ."

"ಲಗ್ನ?"

"ಆಗಿಲ್ಲ."

ಅಜ್ಜಿ ಪಲ್ಯ ಬದಿಗಿಟ್ಟಳು. "ಅಣ್ಣಗೋಳಿಲ್ಲ, ಮಾವನ ಮಗನೂ ಇಲ್ಲ. ಅಂದ್ರ ಆಸ್ತಿ ಎಲ್ಲಾ ಆಕೀಗೇ. ಮುಕ್ಕುಂದದಾಗ ನಮ್ಮ ತಂಗಿ ಮೊಮ್ಮಗ ಅದಾನ. ನೀರಾವರಿ ಹೊಲ, ಒಂದು ಚಟ ಇಲ್ಲ. ಹುಡುಗಿ ಫೋಟೋ ತರಿಸು."

"ಆಯಿ, ಇದು ಎರಡೂವರಿ ಸಾವಿರ ವರ್ಷದ ಹಿಂದಿನ ಕಥಿ!"

ಅಜ್ಜಿ ಮತ್ತೆ ಪಲ್ಯಕ್ಕೆ ಕೈ ಹಾಕಿದಳು. "ಹಂಗಾರ ಹುಡುಗಿಗೆ ವಯಸ್ಸು ಜಾಸ್ತಿ ಆತು ಬಿಡು."

ಗವಿಯ ಸುದ್ದಿ

ಮರುದಿನ ಮಸ್ಕಿ ಬಸ್ಸಿನಲ್ಲಿ ನಮ್ಮ ಶಾಲೆಯ ಕನ್ನಡ ಟೀಚರ್ ಪಕ್ಕದಲ್ಲಿ ಕೂತಿದ್ದರು. ಬಸ್ಸಿನ ಸದ್ದಿನಲ್ಲಿ ಮೆತ್ತಗೆ ಮಾತಾಡಿದರೆ ಕೇಳುವುದಿಲ್ಲ. ಹೀಗಾಗಿ ಜೋರಾಗಿಯೇ ಕೇಳಿದೆ: "ಹುಡುಗಿ ಇನ್ನೂ ಜೀವಂತ ಅದಾಳ ಅಂತ ಗೊತ್ತಿದ್ದೂ ಅಂವ ಮೊದಲ ಹೆಣದ ಕಡೆ ಯಾಕ ಹೋದ?"

ಕನ್ನಡ ಟೀಚರ್ ಬಾಯಿ ತೆರೆಯುವ ಮೊದಲೇ, ಸಂತೆಕಲ್ಲೂರಿಗೆ ಹೊರಟಿದ್ದ ಹಿಂದಿನ ಸೀಟಿನ ಯಜಮಾನರು ಉತ್ತರ ಕೊಟ್ಟರು. "ಮಣ್ಣಿಗೆ ಲಗೂನ ಹೋಗಬೇಕ್ರೀ ಮೇಡಂ. ಬದುಕಿದ್ದವರ ಕಡೆ ನಾಳೆ ಹೋದ್ರೂ ನಡೀತೈತಿ."

"ಹುಡುಗಿನ್ನ ಗವ್ಯಾಗ ಹಾಕಿದವರು ಯಾರ್ರೀ?" ಮುಂದಿನ ಸೀಟಿನ ಹೆಂಗಸು ತಿರುಗಿ ಕೇಳಿದಳು.

"ಸ್ವಂತ ಸೋದರಮಾವ" ಅಂದೆ. ಅಷ್ಟರಲ್ಲಿ ಮಸ್ಕಿ ಬಂತು, ಇಳಿದೆ.

ಮಧ್ಯಾಹ್ನ ಶಾಲೆಯ ಜವಾನ ಓಡಿ ಬಂದ. "ಮೇಡಂ, ನಮ್ಮ ಗುಡ್ಡದ ಗವ್ಯಾಗ ಒಂದು ಹುಡುಗಿನ್ನ ಇಟ್ಟು ಕಲ್ಲು ಮುಚ್ಚ್ಯಾರಂತ್ರೀ!"

"ಯಾರು ಹೇಳಿದ್ರು?"

"ಸಿಂಧನೂರು ಬಸ್ಸಿನ್ಯಾಗ ಬಂದ ಯಾರೋ ಟೀಚರು ಕಣ್ಣಾರೆ ಕಂಡಾರಂತ್ರೀ."

ಸಂಜೆಗೆ ಒಬ್ಬ ಪೊಲೀಸಪ್ಪ ಶಾಲೆಗೇ ಬಂದ. ಪಾಪ, ಬಿಸಿಲಿನಲ್ಲಿ ಗುಡ್ಡವೆಲ್ಲ ಹುಡುಕಿ ಇಳಿದು ಬಂದಿದ್ದ. ತಡವರಿಸುತ್ತಾ ಎಲ್ಲ ಹೇಳಿದೆ.

"ಇದು ನಡದದ್ದು ಯಾವ ಊರಾಗ್ರೀ?"

"ಗ್ರೀಸ್ ದೇಶದಾಗ್ರೀ."

ಅವನು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡ. "ದೇವರು ದೊಡ್ಡಾವ್ರೀ. ನಮ್ಮ ಠಾಣೆ ಹದ್ದಿಗೆ ಬರಂಗಿಲ್ಲ."

ಊರ ಹಿರಿಯರು

ಆ ನಾಟಕದಲ್ಲಿ ಊರ ಹಿರಿಯರ ಗುಂಪೊಂದಿದೆ. ರಾಜ ಏನೆಂದರೂ ತಲೆಯಾಡಿಸುತ್ತಾರೆ. "ತಪ್ಪು ಅಂತ ಗೊತ್ತಿದ್ದೂ ಇವರು ಯಾಕ ಮೊದಲಾ ಬಾಯಿ ಬಿಡಲಿಲ್ಲ?" ಎಂದು ಸ್ಟಾಫ್ ರೂಮಿನಲ್ಲಿ ಕೇಳಿದೆ. ದೊಡ್ಡ ಚರ್ಚೆಯಾಯಿತು. "ಹೆದರಪುಕ್ಕರು!" ಎಂದು ಡ್ರಿಲ್ ಮಾಸ್ತರ್ ಮೇಜು ಗುದ್ದಿದರು.

ಬಾಗಿಲಲ್ಲಿ ಹೆಡ್ ಮಾಸ್ತರ್ ಕಾಣಿಸಿಕೊಂಡರು. ಎಲ್ಲರೂ ಎದ್ದು ನಿಂತೆವು.

"ನೀವು ಹೇಳೂದು ಬರೋಬರಿ ಐತ್ರೀ ಸರ್" ಅಂದರು ಡ್ರಿಲ್ ಮಾಸ್ತರ್.

"ನಾ ಇನ್ನೂ ಏನೂ ಹೇಳಿಲ್ಲಲ್ರೀ?"

ಒಳಗೆ ಹೋದ ರಾಣಿ

ಇಷ್ಟೆಲ್ಲದರ ನಡುವೆ ಮನೆಯಲ್ಲಿ ನಿಜವಾದ ಸಂಕಟವೊಂದಿತ್ತು. ನನ್ನ ತಂಗಿಗೂ ಲಿಂಗಸುಗೂರಿನ ನಮ್ಮ ಸೋದರಮಾವನ ಮಗನಿಗೂ ಮದುವೆ ಗೊತ್ತಾಗಿತ್ತು. ಇಬ್ಬರಿಗೂ ಒಬ್ಬರಿಗೊಬ್ಬರೆಂದರೆ ಜೀವ. ನಿಶ್ಚಯದ ದಿನ ನಮ್ಮವರು ಮರ್ಯಾದೆಯ ಮೊದಲ ಶಾಲನ್ನು ಮಾವನನ್ನು ಬಿಟ್ಟು ನಮ್ಮ ಕಾಕಾಗೆ ಹೊದಿಸಿಬಿಟ್ಟರು. ಮಾವ ಊಟಕ್ಕೂ ಕೂಡದೆ ಎದ್ದು ಹೋದ. ಮರುದಿನ ಫೋನ್ ಬಂತು: "ಈ ಬೀಗತನ ಮುಗೀತು." ತಂಗಿ ಅನ್ನ ಬಿಟ್ಟಳು. ಅವ್ವ ತವರೇ ಮುಳುಗಿದವಳ ಹಾಗೆ ಕೂತಳು. ಯಾರು ಹೋಗಿ ಹೇಳಿದರೂ ಮಾವ ಬಗ್ಗಲಿಲ್ಲ.

ಭಾನುವಾರ ನಾನೇ ಲಿಂಗಸುಗೂರಿಗೆ ಹೋದೆ. ಬೀಗತನದ ಮಾತೆತ್ತದೆ ನಾಟಕದ ಕಥೆ ಹೇಳಿದೆ. ಮಾವನ ಮಗ ಬಾಗಿಲಿಗೆ ಒರಗಿ ನೆಲ ನೋಡುತ್ತಿದ್ದ. ಒಳಗೆ ಮಾವನ ಹೆಂಡತಿ, ನಮ್ಮ ಅತ್ತಿ, ರೊಟ್ಟಿ ಬಡಿಯುತ್ತಿದ್ದಳು.

"ಮಾವ, ಆ ಅರಸ ಮಾಡಿದ್ದು ಖರೇ ಏನು?"

"ನೂರಕ್ಕ ನೂರು ಖರೇ!" ಮಾವ ಮೀಸೆ ತಿರುವಿದ. "ಹಿರ್ಯಾರ ಮಾತು ಅಂದ್ರ ಮಾತು. ತಪ್ಪೆಲ್ಲಾ ಹುಡುಗರದು."

ಒಳಗಿನ ರೊಟ್ಟಿ ಸದ್ದು ನಿಂತಿತು. "ಆ ರಾಣಿ ಏನಂದ್ಲು?" ಅತ್ತಿಯ ದನಿ.

"ಏನೂ ಅನ್ನಲಿಲ್ಲ ಅತ್ತಿ. ಸುಮ್ಮನ ಒಳಗ ಹೋಗಿ ಜೀವ ಬಿಟ್ಲು."

ಅತ್ತಿ ಕೈಯ ಹಿಟ್ಟು ಒರೆಸಿಕೊಳ್ಳುತ್ತಾ ಹೊರಗೆ ಬಂದು ಮಾವನನ್ನೇ ನೋಡಿದಳು. "ಅಲ್ಲೇ ತಪ್ಪಿದ್ಲು ನೋಡು. ಸುಮ್ಮನ ಒಳಗ ಹೋಗೂದು ನನಗೂ ಬರತೈತಿ. ಆದ್ರ ನಾ ಯಾಕ ಸಾಯ್ಲಿ? ಲಗ್ನದ ತಾರೀಕು ತರೂತನಕ ಈ ಮನ್ಯಾಗ ಒಲಿ ಹತ್ತಂಗಿಲ್ಲ."

ಹೋಗಿ ಗ್ಯಾಸ್ ಆರಿಸಿದಳು.

ಮಾವ ಹಟ ಬಿಡಲಿಲ್ಲ. ಮೊದಲು ಹೋಟೆಲ್ ಇಡ್ಲಿ ತಿಂದ, ಆಮೇಲೆ ಖಾನಾವಳಿಗೆ ಹೋದ. ಅಲ್ಲಿ ಪ್ರತಿಯೊಬ್ಬರೂ "ಯಾಕ್ರೀ, ಮನ್ಯಾಗ ಆರಾಮಿಲ್ಲೇನು?" ಎಂದು ಕೇಳುವವರೇ. ಏನೆಂದು ಹೇಳಿಯಾನು?

ಬುಧವಾರ ಸಿಂಧನೂರಿನ ನಮ್ಮ ಮನೆ ಬಾಗಿಲಲ್ಲಿ ಮಾವ ನಿಂತಿದ್ದ. ಅವ್ವ ಅಳುತ್ತಾ ಹೊಸ ಶಾಲು ಹಿಡಿದು ಓಡಿ ಬಂದಳು.

"ಶಾಲು ಇರಲೆವ್ವಾ" ಅಂದ ಮಾವ. "ಮೊದಲ ರೊಟ್ಟಿ ಹಾಕು."

ತಂಗಿಯೇ ಬಡಿಸಿದಳು. ಎಣ್ಣೆಗಾಯಿ, ಖಾರದ ಹಿಂಡಿ, ಮೊಸರು. ಮಾವ ಉಣ್ಣುತ್ತಲೇ ಲಗ್ನದ ತಾರೀಕು ಹೇಳಿ, ಮತ್ತೊಂದು ರೊಟ್ಟಿಗೆ ಕೈ ಚಾಚಿದ. ತಂಗಿ ಒಳಗೆ ಹೋಗಿ ಅತ್ತಳು, ಈ ಸಲ ಬೇರೆ ಅಳು.

ಕೈ ತೊಳೆದ ಮೇಲೆ ಮಾವ ಮೆಲ್ಲಗೆ ನನ್ನನ್ನು ಪಡಸಾಲೆಯ ಮೂಲೆಗೆ ಕರೆದ. ಮುಖದಲ್ಲಿ ಚಿಂತೆ.

"ಅಲ್ಲವ್ವಾ, ಮೂರು ದಿನದಿಂದ ಕೇಳಬೇಕಂತಿದ್ದೆ. ಆ ರಾಣಿ ಸತ್ತ ಮ್ಯಾಲೆ ಆ ಅರಸಗ ಅಡಿಗಿ ಯಾರು ಮಾಡಿ ಹಾಕಿದ್ರು?"