ಮಾವನ ಕಾರಿನ ಗಾಳಿಮುಳ್ಳು

ನಮ್ಮ ಸೋದರಮಾವನ ತಲೆಯಲ್ಲಿ ಗಾಳಿ ತುಂಬಿದೆ ಎಂದು ಅರ್ಧ ಕೊಳ್ಳೇಗಾಲ ಹೇಳುತ್ತಿತ್ತು, ಉಳಿದರ್ಧ ನಗುತ್ತಿತ್ತು. ಮಾವ ಇದಕ್ಕೆಲ್ಲ ಬೇಸರಪಟ್ಟವರೇ ಅಲ್ಲ. "ತುಂಬ್ಲಿ ಬುಡ್ಲಾ, ಎಷ್ಟು ಪೌಂಡು ತುಂಬ್ಯದೆ ಅಂತ ಯೋಳು!" ಎಂದು, ಹಾಗೆ ಹೇಳಿದವನನ್ನೇ ನಿಲ್ಲಿಸಿಕೊಂಡು ಕೇಳುತ್ತಿದ್ದರು.

ನಮ್ಮದು ರೇಷ್ಮೆ ನೇಯುವ ಮನೆತನ. ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಸುಖವಾಗಿರಬೇಕಾಗಿದ್ದ ಈ ಮನುಷ್ಯ, ಎರಡನೇ ಮಹಾಯುದ್ಧ ಮುಗಿದ ಮೇಲೆ ನೀಲಗಿರಿಯ ತೋಟ ಮಾರಿ ತನ್ನ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬನ ಹಳೇ ಕಾರನ್ನು ಕೊಂಡು ತಂದರು. ಅಂತಿಂಥ ಕಾರಲ್ಲ, ಸೂಪರ್‌ಚಾರ್ಜರ್ ಕಾರು! ಹಾಗೆಂದರೇನು ಎಂದು ಕೇಳಿದಿರೋ, ಕೆಟ್ಟಿರಿ. ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು.

"ನೋಡ್ಲಾ, ಮಾಮೂಲಿ ಎಂಜಿನ್ನು ಅಸ್ದಷ್ಟು ಗಾಳಿ ಉಣ್ತದೆ, ಸುಮ್ಕಾಯ್ತದೆ. ಇದುಕ್ಕೆ ಬೀಗರೂಟದಂಗೆ ಬ್ಯಾಡ ಬ್ಯಾಡ ಅಂದ್ರೂ ಬಡಿಸ್ತಾರೆ. ಗಾಳಿ ಜಾಸ್ತಿ ಒಳಕ್ಕೆ ಓದಂಗೆಲ್ಲ ಪೆಟ್ರೋಲು ಜಾಸ್ತಿ ಉರೀತದೆ. ಕಾರು ಗಿರ್ರಂತ ಓಡ್ತದೆ!"

ಹೀಗೆ ಬಡಿಸುವುದಕ್ಕೆ ಎಂಜಿನ್ನಿನ ಪಕ್ಕ ಒಂದು ಗಾಳಿಯಂತ್ರ. ಅದು ಎಷ್ಟು ಒತ್ತುತ್ತಿದೆ ಎಂದು ತೋರಿಸಲು ಸ್ಟೀರಿಂಗಿನ ಮುಂದೆ ಗಡಿಯಾರದಂಥ ಬಿಲ್ಲೆ, ಅದಕ್ಕೊಂದು ಮುಳ್ಳು. ನಾವು ನೀವು ಉಸಿರಾಡುವ ಗಾಳಿಯ ಒತ್ತಡ ಅದರ ಪಾಲಿಗೆ ಬರೀ ಸೊನ್ನೆ. ಅದಕ್ಕಿಂತ ಮೇಲಿನದೆಲ್ಲ ಬೂಸ್ಟು! ಮಾವನ ಕಾರಿನ ಮುಳ್ಳು ನಾಲ್ಕು ಪೌಂಡಿಗೆ ಬಂದು ನಿಲ್ಲುತ್ತಿತ್ತು.

ಕಾರು ಕೊಂಡದ್ದು ಮಾತ್ರ ಅತ್ತೆಗಾಗಿ, ಅದನ್ನು ಒಪ್ಪಲೇಬೇಕು. ಅತ್ತೆಗೆ ಉಬ್ಬಸ. ಅವರ ತವರು ಯಳಂದೂರು, ಹೆಚ್ಚು ದೂರವೇನಲ್ಲ. ಆದರೆ ಯುದ್ಧ ಮುಗಿದರೂ, ಪೆಟ್ರೋಲಿನ ಬರಕ್ಕೆಂದು ಬಂದಿದ್ದ ಇದ್ದಿಲು ಉರಿಸುವ ಬಸ್ಸು ಮುಗಿದಿರಲಿಲ್ಲ. ಒಮ್ಮೆ ಅದರ ಹೊಗೆ ಕುಡಿದು, ಮಾಂಬಳ್ಳಿಯಲ್ಲಿ ಇಳಿದು ರಸ್ತೆಯ ಮೇಲೆಯೇ ಕುಸಿದು ಕುಳಿತ ಅತ್ತೆ, ಆಮೇಲೆ ತವರಿಗೆ ಹೋಗಿಯೇ ಇರಲಿಲ್ಲ. ಅಲ್ಲಿ ಅವರ ತಾಯಿ ಹಾಸಿಗೆ ಹಿಡಿದಿದ್ದರು. ಗೌರಿ ಹಬ್ಬಕ್ಕೆ ಕಾರಿನಲ್ಲೇ ಕರೆದುಕೊಂಡು ಹೋಗುತ್ತೇನೆಂದು ಮಾವ ಮಾತು ಕೊಟ್ಟರು. ಆದರೆ ಜುಜುಬಿ ನಾಲ್ಕು ಪೌಂಡಿಗೆ ಹೊರಡುವುದುಂಟೇ?

"ಎಂಟು ಬರ್ಲಿ ತಡಿ. ರೆಪ್ಪೆ ಬಡಿಯೋದ್ರೊಳ್ಗೆ ಯಳಂದೂರು!"

ಗೌರಿ ಬಂದಳು, ಹೋದಳು. ಮುಳ್ಳು ನಾಲ್ಕರಲ್ಲೇ ಇತ್ತು.

ಅಷ್ಟರಲ್ಲಿ ಮಾವನಿಗೆ ದೂಳಿನ ಚಿಂತೆ ಹತ್ತಿತು. ಬಣ್ಣವಾಗಲಿ, ಗಂಜಿಯಾಗಲಿ, ಕಷಾಯವಾಗಲಿ, ಸೋಸಬೇಕೆಂದರೆ ರೇಷ್ಮೆ ಬಟ್ಟೆಗೇ ಕೈ ಹಾಕುವ ಮನೆ ನಮ್ಮದು. ಎಂಜಿನ್ನಿನ ಗಾಳಿಗೆ ಬೇರೆ ನ್ಯಾಯವೇ? ಹಳೇ ಸೀರೆಯೊಂದರ ಸೆರಗು ಕತ್ತರಿಸಿ, ನಾಲ್ಕು ಮಡಿಕೆ ಮಾಡಿ, ಗಾಳಿಯಂತ್ರಕ್ಕೂ ಎಂಜಿನ್ನಿಗೂ ನಡುವೆ ಬಿಗಿದರು. ಮಾರನೆಯ ದಿನವೇ ಮುಳ್ಳು ಆರಕ್ಕೆ ಏರಿತು! ಮಾವ ಬೀದಿಗೆಲ್ಲ ಸಕ್ಕರೆ ಹಂಚಿದರು.

ಹನೂರಿಗೆ ಹೊರಟಿದ್ದ ರೇಷ್ಮೆಗೂಡಿನ ವ್ಯಾಪಾರಿಯೊಬ್ಬನನ್ನು ಬಲವಂತವಾಗಿ ಹತ್ತಿಸಿಕೊಂಡರು. ಹಿಂದಿನ ಸೀಟಿನಲ್ಲಿ ನಾನು. ಹತ್ತಿದವರು ದಾರಿ ನೋಡುವಂತಿಲ್ಲ, ಮುಳ್ಳು ನೋಡಬೇಕು. ಮುಳ್ಳು ಏಳಕ್ಕೆ ಏರಿತು. ಅದೇ ಹೊತ್ತಿಗೆ ಹುಲ್ಲು ಹೇರಿದ ಎತ್ತಿನ ಗಾಡಿಯೊಂದು ಗಂಟೆ ಬಾರಿಸುತ್ತಾ ನಮ್ಮನ್ನು ದಾಟಿಕೊಂಡು ಹೋಯಿತು!

"ಸಾ, ನಾನು ಇಳ್ದು ನಡ್ಕಂಡು ಓಯ್ತೀನಿ. ವಸಿ ಅರ್ಜೆಂಟು ಅದೆ" ಎಂದ ವ್ಯಾಪಾರಿ.

"ಏಳು ಪೌಂಡು ಕಣಯ್ಯ! ಶಕ್ತಿಯೆಲ್ಲ ಒಳ್ಗೇ ಕೂಡ್ತಾ ಅದೆ!"

ನಗಬೇಡಿ. ತಾಲ್ಲೂಕು ಕಚೇರಿಯಿಂದ ಮದ್ರಾಸಿನ ಕೋಟೆಯ ಸರ್ಕಾರದ ತನಕ ದೊಡ್ಡವರೆಲ್ಲ ನಂಬಿರುವುದೂ ಇದನ್ನೇ ಅಲ್ಲವೇ? ಮೇಲಿನಿಂದ ಒತ್ತಡ ಜೋರಾಗಿದೆ ಎಂದರೆ ಕೆಲಸವೂ ಜೋರಾಗಿ ಸಾಗಿದೆ ಎಂದು! ನಮ್ಮ ಮಾವನನ್ನು ಒಂದು ಖಾತೆಯ ಮಂತ್ರಿ ಮಾಡಬಹುದಿತ್ತು.

ಮುಳ್ಳು ಎಂಟು ಮುಟ್ಟಿದ ವಾರವೇ ಯಳಂದೂರಿನಿಂದ ಆಳು ಬಂದ. "ಅವ್ವಾರು ಮಗಳ ಎಸ್ರೇ ಕೂಗ್ತಾವ್ರೆ. ಬಿರ್‍ನೆ ಬರ್‍ಬೇಕಂತೆ" ಎಂದ. ಅತ್ತೆ ಉಟ್ಟ ಸೀರೆಯಲ್ಲೇ ಬಂದು ಕಾರಿನಲ್ಲಿ ಕುಳಿತರು. ಜೊತೆಗೆ ನಾನೂ ಹೊರಟೆ.

ಆಗ ಕೊಳ್ಳೇಗಾಲ ಮದ್ರಾಸಿನದು, ಯಳಂದೂರು ಮೈಸೂರಿನದು. ನಡುವಿನ ಸುಂಕದ ಚೌಕಿಯವನು ಬಾನೆಟ್ಟು ತಟ್ಟಿ, "ಒಳ್ಗೇನದೆ?" ಎಂದ.

"ಗಾಳಿ. ಎಂಟು ಪೌಂಡು!"

ಎಂಟು ಪೌಂಡು ಗಾಳಿಗೆ ಸುಂಕ ಎಷ್ಟು ಎಂದು ಅವನು ಒಳಗಿದ್ದವರನ್ನು ಕೇಳಲು ಹೋದ. ಮಾವ ಅವನಿಗೆ ಬೀಗರೂಟದ ಕಥೆ ಹೇಳಲು ಇಳಿಯತೊಡಗಿದರು. "ನಿಮ್ಮ ದಮ್ಮಯ್ಯ ಅಂತೀನಿ, ನಡೀರಿ" ಎಂದು ಅತ್ತೆ ಅವರ ತೋಳು ಹಿಡಿದೆಳೆದರು.

ಮಾಂಬಳ್ಳಿ ಹತ್ತಿರ ಬರುವ ಹೊತ್ತಿಗೆ ಮುಳ್ಳು ಒಂಬತ್ತು. ಕಾರು ಮಾತ್ರ ತೆವಳುತ್ತಿತ್ತು. ಕೊನೆಗೆ ಒಮ್ಮೆ ಕೆಮ್ಮಿ ನಿಂತೇಬಿಟ್ಟಿತು. ಮಾವ ಮುಳ್ಳನ್ನೂ ರಸ್ತೆಯನ್ನೂ ಮಿಕಮಿಕ ನೋಡಿದರು. ಆ ಗಾಬರಿಗೆ ಅತ್ತೆಗೆ ಉಬ್ಬಸ ಏರಿತ್ತು. ಎದೆ ಹಿಡಿದುಕೊಂಡು, ತಡೆತಡೆದು ಹೇಳಿದರು:

"ರೀ... ಉಬ್ಬಸ ಕಟ್ಕಂಡಾಗ ನನ್ ಎದೇಲೂ ಒತ್ತಡ ಬಾಳ ಇರ್ತದೆ. ಉಸ್ರು ಮಾತ್ರ ಓಗಾಕಿಲ್ಲ. ಈ ಕಾರ್‍ಗೂ ಎಲ್ಲೋ ಕಟ್ಕಂಡದೆ, ನೋಡಿ."

ಮಾವ ದಡಕ್ಕನೆ ಕೆಳಗಿಳಿದರು. ಆಮೇಲೆ ಬಾನೆಟ್ಟು ಎತ್ತಿ, ಬಿಗಿದಿದ್ದ ರೇಷ್ಮೆ ಕಿತ್ತು ತೆಗೆದರು. ದೂಳೂ ಎಣ್ಣೆಯೂ ಸೇರಿ ಅದು ರೊಟ್ಟಿಯಷ್ಟು ಗಟ್ಟಿಯಾಗಿತ್ತು. ಯಂತ್ರ ಒತ್ತುತ್ತಲೇ ಇತ್ತು, ಬಟ್ಟೆ ತಡೆಯುತ್ತಲೇ ಇತ್ತು. ಇಷ್ಟು ದಿನ ಮುಳ್ಳು ತೋರಿಸಿದ್ದು ಎಂಜಿನ್ನಿಗೆ ಹೋದ ಗಾಳಿಯನ್ನಲ್ಲ, ಬಾಗಿಲಲ್ಲೇ ನಿಂತುಹೋದ ಗಾಳಿಯನ್ನು! ಬಟ್ಟೆಯನ್ನು ಹೊಲಕ್ಕೆ ಎಸೆದು ಬಂದು ಮಾವ ಕಾರು ಎಬ್ಬಿಸಿದರು. ಮುಳ್ಳು ನಾಲ್ಕಕ್ಕೆ ಇಳಿಯಿತು, ಕಾರು ಹಾರಿತು. ದಾರಿಯುದ್ದಕ್ಕೂ ಮಾವ ಮುಳ್ಳಿನ ಕಡೆ ತಿರುಗಿಯೂ ನೋಡಲಿಲ್ಲ, ಅತ್ತೆಯ ಉಸಿರಿನ ಸದ್ದನ್ನೇ ಕೇಳುತ್ತಿದ್ದರು.

ನಾವು ಯಳಂದೂರು ತಲುಪಿದಾಗ ಅತ್ತೆಯ ತಾಯಿ, ಆ ಅಜ್ಜಿ, ಇನ್ನೂ ಇದ್ದರು. ಮಗಳ ಕೆನ್ನೆ ತಡವಿ, "ಬಂದ್ಯಾ ಮಗಾ? ಗೌರಿ ಅಬ್ಬಕ್ಕೇ ಬತ್ತೀಯ ಅಂದಿದ್ರು. ಬಾಗ್ಲು ನೋಡ್ತಾನೇ ಇದ್ದೆ" ಎಂದರು.

ಬಾಗಿಲಲ್ಲಿ ನಿಂತಿದ್ದ ಮಾವ ತಲೆ ತಗ್ಗಿಸಿದರು. ಗೋಡೆಗೆ ಸಿಕ್ಕಿಸಿದ್ದ ಬೀಸಣಿಗೆ ತೆಗೆದುಕೊಂಡು ತಾಯಿ ಮಗಳ ಪಕ್ಕ ನೆಲದ ಮೇಲೆ ಕುಳಿತು, ಮೆಲ್ಲಗೆ ಬೀಸತೊಡಗಿದರು. ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಅವರನ್ನು ನೋಡಿ ನನಗೂ ಅಳು ಬಂತು. ಅಜ್ಜಿಗೆ ನಿದ್ದೆ ಹತ್ತಿತು, ಅತ್ತೆಯ ಉಬ್ಬಸ ಇಳಿಯಿತು, ಹೊತ್ತೂ ಇಳಿಯಿತು. ಮಾವ ಬೀಸುತ್ತಲೇ ಇದ್ದರು.

"ಸಾಕು ಬುಡಿ, ಕೈ ನೋಯ್ತದೆ" ಎಂದರು ಅತ್ತೆ.

"ನೋಯ್ಲಿ" ಎಂದರು ಮಾವ.