ಹಳ್ಳದ ದಂಡೆಯ ಗ್ರೂಪ್ ಫೋಟೋ

ನಮ್ಮ ಮಾಮಾನ ಕ್ಯಾಮೆರಾದ ಮುಂದೆ ನಿಲ್ಲುವವರು ಬುತ್ತಿ ಕಟ್ಟಿಕೊಂಡು ಹೋಗುವುದು ಒಳ್ಳೆಯದು. ಇದು ಉತ್ಪ್ರೇಕ್ಷೆ ಎನ್ನುವವರು ಒಮ್ಮೆ ಬೆಟಗೇರಿಗೆ ಬಂದು ಅವನ ಮುಂದೆ ನಿಂತು ನೋಡಲಿ. ನಿಲ್ಲುವಾಗ ನುಣ್ಣಗಿದ್ದ ಗಲ್ಲದ ಮೇಲೆ ಅವನು ಕ್ಲಿಕ್ಕಿಸುವ ಹೊತ್ತಿಗೆ ಗಡ್ಡ ಚಿಗುರಿರುತ್ತದೆ!

ಮಾಮಾ ಎಂದರೆ ನನ್ನ ಅವ್ವನ ತಮ್ಮ. ಯಾರ ಕೈಕೆಳಗೂ ಇಲ್ಲದ ಸ್ವತಂತ್ರ ಫೋಟೋಗ್ರಾಫರ್. ಮದುವೆ, ಸೀಮಂತ, ಮಠದ ಪುರಾಣ, ಬೀಜದ ಅಂಗಡಿಯ ಜಾಹೀರಾತು, ಯಾರು ಕರೆದರೂ ಹಳೆಯ ಬೈಕ್ ಹತ್ತಿ ಹೊರಡುತ್ತಾನೆ. ಬಿಡುವಿದ್ದಾಗ ಹಾರ್ಮೋನಿಯಂ ನುಡಿಸುತ್ತಾನೆ. ಬಿಡುವಿದ್ದಾಗ ಎಂದೆನೇ? ತಪ್ಪಾಯಿತು. ಹಾರ್ಮೋನಿಯಂ ನುಡಿಸಿ ಬಿಡುವಾದಾಗ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಹೆಣ್ಣು ಕೊಡಲು ಬಂದವರು "ಹುಡುಗ ಏನ್ ಮಾಡ್ತಾನ್ರಿ?" ಎಂದು ಕೇಳಿದಾಗ ನಮ್ಮಜ್ಜಿ, "ಏನ್ ಮಾಡಂಗಿಲ್ಲ ಅಂತ ಕೇಳ್ರಿ, ಜಲ್ದಿ ಹೇಳಿ ಮುಗಸ್ತೀನಿ" ಅಂದಿದ್ದಳಂತೆ. ಬಂದವರು ಚಹಾ ಕುಡಿದು ಹೋದರು. ಮಾಮಾ ಇನ್ನೂ ಹಾಗೆಯೇ ಇದ್ದಾನೆ.

ಅವನ ತಡಕ್ಕೊಂದು ಸಿದ್ಧಾಂತವಿದೆ. "ಮುಖ ಬರಬೇಕಲೇ" ಎನ್ನುತ್ತಾನೆ.

"ಬಂದೈತಲ್ಲೋ ಮಾರಾಯಾ, ಕುತ್ತಿಗಿ ಮ್ಯಾಲೆ ಕುಂತೈತಿ ನೋಡು" ಎಂದು ನಿಂತವರು ಗೋಳಾಡುತ್ತಾರೆ.

"ಅದು ಫೋಟೋಕ್ಕ ತಂದ ಮುಖ. ಅದು ದಣದು ಕೆಳಗ ಬೀಳ್ಲಿ. ಆಮ್ಯಾಲೆ ನಿಮ್ದು ಬರತೈತಿ."

ಆ ಮುಖ ಬೇಗ ಬೀಳಲೆಂದು ಅವನು ಎಲ್ಲರಿಂದಲೂ ಹಾಡಿಸುತ್ತಾನೆ. ಹಾಡುವ ಬಾಯಿ ಸುಳ್ಳು ನಗೆ ನಗಲಾರದಂತೆ! ಲಕ್ಷ್ಮೇಶ್ವರದ ಒಂದು ಮದುವೆಯಲ್ಲಿ ಮದುಮಗನಿಗೆ "ಹಾಡ್ರಿ" ಎಂದು ಗಂಟುಬಿದ್ದ. ನಾಚಿಕೆಯ ಹುಡುಗ, ಅವನಿಗೆ ಬರುತ್ತಿದ್ದದ್ದು ಒಂದು ಮಂಗಳಾರತಿ ಪದ ಮಾತ್ರ. ಮೈಕಿನ ಬಳಿ ನಿಂತೇ ಶುರು ಮಾಡಿದ. ಮಂಗಳಾರತಿ ಕಿವಿಗೆ ಬಿದ್ದದ್ದೇ ತಡ, ಕಾರ್ಯ ಮುಗಿಯಿತೆಂದು ಪೆಂಡಾಲಿನ ಜನವೆಲ್ಲ ಎದ್ದು ಊಟದ ಸಾಲಿಗೆ ನುಗ್ಗಿತು. ಅಕ್ಷತೆ ಇನ್ನೂ ಹಂಚಿರಲಿಲ್ಲ!

ಸಮಾಜದ ಚಿಂತೆಯೂ ಅವನಿಗೆ ಸ್ವಲ್ಪ ಹೆಚ್ಚು. ಶಿರಹಟ್ಟಿಯ ಕಡೆಯ ಹಳ್ಳಿಗಳಲ್ಲಿ ಪಿಂಚಣಿ ಅರ್ಜಿಗೆ ಬೇಕಾದ ಫೋಟೋಗಳನ್ನು ಮುದುಕಿಯರಿಗೆ ಪುಕ್ಕಟೆ ತೆಗೆದುಕೊಡುತ್ತಾನೆ. ಬೆರಳಿನ ಉಗುರಿನಷ್ಟು ಫೋಟೋಕ್ಕೂ ಅದೇ ತಪಸ್ಸು. ಒಬ್ಬ ಆಯಿ ಕೈಮುಗಿದಳು: "ತಮ್ಮಾ, ನೀ ಒತ್ತೂದ್ರಾಗ ನನ್ನ ಮಣ್ಣ ಮಾಡ್ತಾರೋ."

"ಆಯೀ, ಸಾಹೇಬ್ರು ನಿನ್ನ ನೋಡೂದು ಇದೊಂದ ಫೋಟೋದಾಗ. ರಾಣಿ ಕಂಡಂಗ ಕಾಣ್ಬೇಕು."

ಕೊನೆಗೂ ಆಯಿ ನಕ್ಕಳು. ಬೊಚ್ಚು ಬಾಯಿ ತುಂಬ ನಕ್ಕಳು. ಅರ್ಜಿ ಬರೆಯುವವನು ಫೋಟೋ ನೋಡಿ ವಾಪಸು ಕಳಿಸಿದ: "ಇಷ್ಟು ಖುಷಿ ಇದ್ದವರಿಗೆ ಪಿಂಚಣಿ ಯಾಕ್ರಿ?"

ಇನ್ನು ಶಬ್ದದ ಹುಚ್ಚು. ಕಿವಿಗೆ ದಪ್ಪ ಹೆಡ್‌ಫೋನ್ ಏರಿಸಿ, ಕೈಯಲ್ಲಿ ಸಣ್ಣ ಮೈಕು ಹಿಡಿದು ಮಗ್ಗದ ಸಪ್ಪಳ, ರೊಟ್ಟಿ ಬಡಿಯುವ ಸಪ್ಪಳ, ಎಮ್ಮೆ ಮೆಲುಕು ಹಾಕುವ ಸಪ್ಪಳ ಎಲ್ಲ ಹಿಡಿದಿಡುತ್ತಾನೆ. ಒಂದು ಬೇಸಿಗೆಯಲ್ಲಿ ನೀರನ್ನು ಪೋಲು ಮಾಡಬಾರದೆಂದು ಓಣಿಯಲ್ಲಿ ಭಾಷಣ ಇಟ್ಟುಕೊಂಡ. ಮಾತಿಗೆ ಮೊದಲು ಜನರ ಮನಸ್ಸು ಕರಗಲಿ ಎಂದು ನಳದಿಂದ ಕೊಡಕ್ಕೆ ನೀರು ಬೀಳುವ ಶಬ್ದವನ್ನು ಸ್ಪೀಕರಿನಲ್ಲಿ ಹಾಕಿದ. ಮನಸ್ಸು ಕರಗಲಿಲ್ಲ, ಓಣಿಯೇ ಹರಿದು ಬಂತು. ಕೊಡ, ಬಕೆಟ್ಟು, ಪಾತೇಲಿ ಹಿಡಿದು ಬಂದ ಹೆಂಗಸರು ನಳ ಒಣಗಿರುವುದನ್ನು ಕಂಡು ಅವನ ಕಡೆ ತಿರುಗಿದರು. ಆ ದಿನ ಮಾಮಾ ಓಡಿದ ವೇಗಕ್ಕೆ ನಾನೇ ಸಾಕ್ಷಿ. ಅವನು ಜೀವಮಾನದಲ್ಲಿ ಅವಸರ ಮಾಡಿದ್ದು ಅದೊಂದೇ ಸಲ.

ಇಲ್ಲಿಯವರೆಗೆ ನಗುತ್ತ ಬರೆದೆ. ಮುಂದಿನದನ್ನೂ ನಗುತ್ತಲೇ ಬರೆಯಬೇಕೆಂದು ಕುಳಿತಿದ್ದೇನೆ, ನೋಡೋಣ. ಈ ಮಳೆಗಾಲದಲ್ಲಿ ನಡೆದದ್ದು. ಈಗಲೂ ಕಣ್ಣು ಮುಚ್ಚಿದರೆ ನಮ್ಮ ಟೆಂಪೋ ಮುಂದಕ್ಕೆ ಹೋಗುತ್ತದೆ, ಕಣ್ಣು ತೆರೆದರೆ ನಿಲ್ಲುತ್ತದೆ.

ನನ್ನ ತಮ್ಮನ ನಿಶ್ಚಯಕ್ಕೆ ಮುಂಡರಗಿಯ ಆಚೆಯ ಒಂದು ಹಳ್ಳಿಗೆ ಹೊರಟಿದ್ದೆವು. ಟೆಂಪೋ ತುಂಬ ಬಳಗ. ದೊಡ್ಡವ್ವನ ತೊಡೆಯ ಮೇಲೆ ಹೆಣ್ಣಿಗೆ ಉಡಿಸುವ ಬೆಟಗೇರಿ ಸೀರೆ. ಮುಂದಿನ ಸೀಟಿನಲ್ಲಿ ರುಮಾಲು ಸುತ್ತಿದ ದೊಡ್ಡಪ್ಪ, ಮುಹೂರ್ತದ ಕಾವಲುಗಾರ. ಹೊರಡುವಾಗಲೇ ಮಾಮಾನಿಗೆ ಎಚ್ಚರಿಕೆ ಕೊಟ್ಟಿದ್ದ: "ಇವತ್ತರ ತಡಾ ಮಾಡಿದಿ ಅಂದ್ರ ಈ ಮನಿ ಕಾರ್ಯಕ್ಕ ನಿನ್ನ ಮತ್ತ ಕರ್ಯಂಗಿಲ್ಲ. ಖರೇ ಹೇಳ್ತೀನಿ."

ಮಾಮಾ ತಲೆಯಾಡಿಸಿ, ಎಲ್ಲರನ್ನೂ ಎಣಿಸಿ ಗಾಡಿಗೆ ಹತ್ತಿಸಿ, ತಾನು ಬೈಕಿನ ಮೇಲೆ ಮುಂದೆ ಹೋದ.

ಹಳ್ಳಿಗೆ ಇನ್ನೇನು ಸ್ವಲ್ಪ ದೂರವಿರುವಾಗ ರಸ್ತೆ ಒಂದು ಹಳ್ಳಕ್ಕೆ ಇಳಿಯುತ್ತದೆ. ತಗ್ಗಿನ ಸೇತುವೆ, ಪಕ್ಕಕ್ಕೆ ಗೋಡೆಯಿಲ್ಲ. ಅದರ ಈಚೆ, ರಸ್ತೆಯ ನಟ್ಟನಡುವೆ ಮಾಮಾನ ಟ್ರೈಪಾಡು ನಿಂತಿತ್ತು! ಪಕ್ಕದಲ್ಲಿ ಹೆಡ್‌ಫೋನ್ ಏರಿಸಿದ ಮಾಮಾ, ಮೈಕನ್ನು ಹಳ್ಳದ ಕಡೆ ಚಾಚಿಕೊಂಡು.

"ಅಣ್ಣಾರ, ದಾಟಬ್ಯಾಡ್ರಿ. ಮ್ಯಾಲಿಂದ ಹಳ್ಳ ಬರಾಕತ್ತೈತಿ. ಸಪ್ಪಳ ಕೇಳಾಕತ್ತೈತಿ" ಎಂದ.

ದೊಡ್ಡಪ್ಪ ತಲೆ ಹೊರಗೆ ಹಾಕಿ ಆಕಾಶ ನೋಡಿದ. ಸುಡುವ ಬಿಸಿಲು. ಹಳ್ಳದಲ್ಲಿ ಕಲ್ಲುಗಳು ಒಣಗಿ ಬಿದ್ದಿದ್ದವು. ದೂರದ ಕಪ್ಪತಗುಡ್ಡದ ತಲೆಯ ಮೇಲೆ ಮಾತ್ರ ಒಂದು ಕಪ್ಪು ಮೋಡ.

"ಇಲ್ಲಿ ಕಾಗಿ ಕುಡ್ಯಾಕ ನೀರಿಲ್ಲ. ಸರೀಯೋ ತಮ್ಮಾ" ಎಂದ ದೊಡ್ಡಪ್ಪ. ಡ್ರೈವರ್ ನಕ್ಕ: "ನಾ ಈ ಹಳ್ಳದಾಗ ಈಸು ಕಲತಾಂವರಿ. ನನಗ ಗೊತ್ತಾಗಲಾರದ್ದು ಆ ಕಿವೀ ಡಬ್ಬಿಗೆ ಗೊತ್ತಾತೇನು?" ಟೆಂಪೋದ ತುಂಬ ನಗೆ. "ನಳದ ಸಪ್ಪಳ ಇರಬೇಕ ನೋಡೋ!" ಎಂದು ಹಿಂದಿನಿಂದ ಯಾರೋ ಕೂಗಿದರು. ಡ್ರೈವರ್ ಗೇರು ಹಾಕಿದ.

ಮಾಮಾ ವಾದ ಮಾಡಲಿಲ್ಲ. ಹೆಡ್‌ಫೋನ್ ತೆಗೆದು ಕೊರಳಿಗೆ ಇಳಿಸಿದ. ಮುಖ ಅರಳಿಸಿ ಹೇಳಿದ: "ಆತು ಬಿಡ್ರಿ, ಹೋಗೂಣು. ಬೆಳಕು ಮಾತ್ರ ಬಂಗಾರದಂಗ ಬಿದ್ದೈತಿ. ಗಂಡಿನ ಕಡೇವ್ರದು ಒಂದ ಗ್ರೂಪ್ ಫೋಟೋ. ದೊಡ್ಡವ್ವಾರ, ಸೀರಿ ಹಿಡಕೊಂಡು ನಡುವ ಬರ್ರಿ."

ಏನು ಹೇಳಲಿ! ಪ್ರವಾಹಕ್ಕೆ ಒಂದು ನಿಮಿಷ ಕೊಡದಿದ್ದ ಟೆಂಪೋ ಫೋಟೋಕ್ಕೆ ಪೂರ್ತಿ ಖಾಲಿಯಾಯಿತು. ದೊಡ್ಡವ್ವ ಮೊದಲು ಇಳಿದಳು. ಹೆಂಗಸರು ಸೆರಗು ಸರಿಮಾಡಿಕೊಂಡರು. ಡ್ರೈವರ್ ಕೂಡ ತಲೆ ಬಾಚಿಕೊಂಡು ಮೂಲೆಗೆ ನಿಂತ. ದೊಡ್ಡಪ್ಪ "ಜಲ್ದಿ, ಜಲ್ದಿ" ಎನ್ನುತ್ತಲೇ ರುಮಾಲು ಬಿಚ್ಚಿ ಹೊಸದಾಗಿ ಸುತ್ತಿದ. ಮುಖಗಳ ಮೇಲೆ ಬೆಳಕು ಬೀಳಿಸುವ ಬಿಳಿಯ ಥರ್ಮಾಕೋಲ್ ಹಲಗೆಯನ್ನು ಮಾಮಾ ನನ್ನ ಕೈಗಿಟ್ಟು ಪಕ್ಕದಲ್ಲಿ ನಿಲ್ಲಿಸಿಕೊಂಡ. ಅವನ ಬೆರಳು ಐಸಿನಂತೆ ತಣ್ಣಗಿದ್ದವು.

ಎತ್ತರದವರನ್ನು ಹಿಂದೆ ಕಳಿಸಿದ. ಆಮೇಲೆ ಮುಂದೆ ಕರೆದ. ಅವ್ವನ ಮೂಗುತಿ ತಿರುಗಿದೆ ಎಂದ. ದೊಡ್ಡಪ್ಪನ ತಾಳ್ಮೆಯ ಕಟ್ಟೆ ಒಡೆಯಿತು: "ಒತ್ತತೀಯೋ ಇಲ್ಲೋ? ಮುಹೂರ್ತ ಮೀರಾಕತ್ತೈತಿ! ನಡೀರಿ, ಹತ್ತ್ರಿ ಎಲ್ಲಾರೂ!"

ಆಗ ಮಾಮಾ ಕೊನೆಯ ಅಸ್ತ್ರ ಬಿಟ್ಟ. "ದೊಡ್ಡವ್ವಾರ, ಮುಖ ಬರವಲ್ವು. ಒಂದ ಸೋಬಾನ ಪದ ಹಾಡ್ರಿ."

ನಮ್ಮ ಮನೆತನದ ಸೋಬಾನೆ ನಿಮಗೆ ಗೊತ್ತಿಲ್ಲ. ನಿಂತವರ ಹೆಸರನ್ನೆಲ್ಲ ಪದದೊಳಗೆ ಕಟ್ಟಿ ಹಾಡಬೇಕು, ಒಂದು ಹೆಸರು ಬಿಟ್ಟರೂ ಆ ಮನೆಯವರು ವರ್ಷಗಟ್ಟಲೆ ಮಾತು ಬಿಡುತ್ತಾರೆ. ಅರ್ಧಕ್ಕೆ ನಿಲ್ಲಿಸುವುದಂತೂ ಅಪಶಕುನ. ದೊಡ್ಡವ್ವ ಗಂಟಲು ಸರಿಮಾಡಿಕೊಂಡಳು, ಹೆಂಗಸರು ದನಿಗೂಡಿಸಿದರು. ದೊಡ್ಡಪ್ಪ ಮತ್ತೆ ಬಾಯಿ ತೆರೆದ. ದೊಡ್ಡವ್ವ ಹಾಡುತ್ತಲೇ ಕಣ್ಣು ಬಿಟ್ಟಳು. ದೊಡ್ಡಪ್ಪ ಬಾಯಿ ಮುಚ್ಚಿದ.

ಸೋದರತ್ತೆಯರ ಹೆಸರು ಮುಗಿದು ಅಳಿಯಂದಿರದು ಶುರುವಾಗಿತ್ತು. ಮೊದಲು ಬಂದದ್ದು ಹಸಿ ಮಣ್ಣಿನ ವಾಸನೆ. ಆಮೇಲೆ ಗಿರಣಿ ಶುರುವಾದಂಥ ಸದ್ದು. ತಿರುಗಿ ನೋಡಿದೆ. ಹಳ್ಳದ ತಿರುವಿನಲ್ಲಿ ಕಂದು ಬಣ್ಣದ್ದೇನೋ ಒಣಗಿದ ಜಾಲಿ ಟೊಂಗೆಗಳನ್ನು ನೂಕಿಕೊಂಡು, ಮೊದಲು ಮೆಲ್ಲಗೆ, ಆಮೇಲೆ ಎದ್ದು ನಿಂತು ಬಂತು. ಕಲ್ಲುಗಳು ಮುಳುಗಿದವು. ಸೇತುವೆ ಇತ್ತು. ಸೇತುವೆ ಇರಲಿಲ್ಲ. ಅದು ಇದ್ದ ಜಾಗದಲ್ಲಿ ಬುಡಸಮೇತ ಕಿತ್ತ ಒಂದು ಬೇವಿನ ಮರ ಉರುಳಿ ಹೋಯಿತು.

ಪದ ಅರ್ಧಕ್ಕೆ ನಿಂತಿತು. ಅಪಶಕುನ ಎಂದು ಯಾರೂ ಅನ್ನಲಿಲ್ಲ. ಡ್ರೈವರ್ ಟೆಂಪೋದ ಚಕ್ರಕ್ಕೆ ಒರಗಿ ಕುಕ್ಕರಿಸಿದ. ದೊಡ್ಡಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಗಂಡಾಗಿ ಸಿಂಗರಿಸಿಕೊಂಡಿದ್ದ ನನ್ನ ತಮ್ಮ ಸಣ್ಣವನಂತೆ ಅವ್ವನ ಕೈ ಹಿಡಿದಿದ್ದ.

ಮಾಮಾ ಮಾತ್ರ ಇನ್ನೂ ಕ್ಯಾಮೆರಾಕ್ಕೆ ಕಣ್ಣು ಹಚ್ಚಿಯೇ ನಿಂತಿದ್ದ. ನೀರಿನ ಕಡೆ ಒಮ್ಮೆಯೂ ನೋಡಿರಲಿಲ್ಲ.

"ಮಾಮಾ, ಸಾಕು. ಬಿಡು ಇನ್ನ" ಎಂದೆ.

"ತಡಿ." ತುಟಿಯಷ್ಟೇ ಅಲುಗುತ್ತಿತ್ತು. ಅವನು ಎಣಿಸುತ್ತಿದ್ದ. ಈ ತುದಿಯಿಂದ ಆ ತುದಿಗೆ, ಮತ್ತೆ ಮೊದಲಿನಿಂದ. "ಒಬ್ರು ಕಡಿಮಿ ಬೀಳಾಕತ್ತಾರ. ಹತ್ತಿಸುವಾಗ ಎಣಿಸಿದ್ನಿ. ಒಬ್ರು ಕಡಿಮಿ ಅದಾರಲೇ..."

ಸಾಲಿನ ಕಡೆ ನೋಡಿದೆ. ಅವ್ವ, ತಮ್ಮ, ದೊಡ್ಡವ್ವ, ಅತ್ತೆಯರು, ಎಲ್ಲರೂ ಇದ್ದರು. ಆಮೇಲೆ ನನ್ನ ಕೈಯಲ್ಲಿದ್ದ ಬಿಳಿಯ ಹಲಗೆ ನೋಡಿಕೊಂಡೆ.

"ಮಾಮಾ, ಕಡಿಮಿ ಬಿದ್ದಾಕಿ ನಾನು. ಇಲ್ಲೇ ಅದೀನಿ, ನಿನ್ನ ಬಾಜೂಕ."

ಅವನು ಕ್ಯಾಮೆರಾದಿಂದ ಕಣ್ಣು ತೆಗೆದ. ಒತ್ತಿ ಹಿಡಿದದ್ದಕ್ಕೆ ಕಣ್ಣಿನ ಸುತ್ತ ಕೆಂಪು ಗುರುತು ಬಿದ್ದಿತ್ತು. ನನ್ನ ತಲೆ ಮುಟ್ಟಿದ, ಭುಜ ಮುಟ್ಟಿದ.

"ಹಂಗಾರ ಎಲ್ಲಾರೂ ಅದೀವಿ" ಎಂದ. ಎಂದವನೇ ಅಲ್ಲೇ ರಸ್ತೆಯ ಮೇಲೆ ಕುಳಿತುಬಿಟ್ಟ. ಅವ್ವ ಸಾಲು ಬಿಟ್ಟು ಓಡಿಬಂದು ತನ್ನ ತಮ್ಮನ ತಲೆಯನ್ನು ಸೆರಗಿನೊಳಗೆ ಅವಚಿಕೊಂಡಳು.