ಕುರ್ಚಿ ನಂಬರ್ ಎರಡರ ಮಾತ್ರೆ

ನನ್ನ ಇಪ್ಪತ್ತೆರಡು ವರ್ಷದ ಸರ್ವಿಸನ್ನು ಒಂದು ಪ್ಲಾಸ್ಟಿಕ್ ಗೊಂಬೆ ನುಂಗಿ ನೀರು ಕುಡಿಯಿತು. ಕೇಳಿದವರೆಲ್ಲ ನಗುತ್ತಾರೆ. ನಗಲಿ, ನಾನೇನೂ ತಲೆ ತಗ್ಗಿಸುವವಳಲ್ಲ.

ಊರಿನ ಆಸ್ಪತ್ರೆಯಲ್ಲಿ ನಾನು ಗಂಡಸರ ವಾರ್ಡಿನ ಸಿಸ್ಟರ್ ಆಗಿದ್ದೆ. ನಲವತ್ತು ಮಂಚ, ಅರವತ್ತು ರೋಗಿಗಳು (ಮಿಕ್ಕ ಇಪ್ಪತ್ತು ಜನ ಎಲ್ಲಿ ಮಲಗುತ್ತಿದ್ದರು ಎಂದು ಕೇಳಬೇಡಿ), ನಾನೊಬ್ಬಳು. ಯಾರಿಗೂ ಸಿಗದ ನರ ನನ್ನ ಬೆರಳಿಗೆ ಸಿಗುತ್ತಿತ್ತು. ಹೊಸ ಡಾಕ್ಟರುಗಳು ಔಷಧಿ ಬರೆಯುವ ಮುಂಚೆ ಒಮ್ಮೆ ನನ್ನ ಮುಖ ನೋಡುತ್ತಿದ್ದರು. ನಾನು ಹುಬ್ಬೇರಿಸಿದರೆ ಬರೆದದ್ದನ್ನು ಹೊಡೆದುಹಾಕುತ್ತಿದ್ದರು. ಅಲ್ಲಿನ ನರ್ಸಿಂಗ್ ಕೌನ್ಸಿಲಿನಲ್ಲಿ ಒಮ್ಮೆ ಹೆಸರು ಬರೆಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆದರೆ, ಜೀವ ಇರುವವರೆಗೂ ನಾನು ನರ್ಸೇ ಎಂದುಕೊಂಡಿದ್ದೆ.

ನಮ್ಮ ಯಜಮಾನರು ಸೇತುವೆ ಕಟ್ಟಿಸುವ ಇಂಜಿನಿಯರ್. ಅವರಿಗೆ ಈ ದೇಶದಲ್ಲಿ ಕೆಲಸವಾಯಿತು. ನಾನು, ಅತ್ತೆ, ಗೋಡೆಯ ಸರ್ಟಿಫಿಕೇಟು, ಮೂವರೂ ಅವರ ಹಿಂದೆ ಬಂದೆವು. ಅವರ ಸೇತುವೆ ಎರಡು ವರ್ಷದಲ್ಲಿ ಎದ್ದು ನಿಂತಿತು. ನನ್ನ ನೋಂದಣಿ ಇನ್ನೂ ಎದ್ದಿರಲಿಲ್ಲ.

ಇಲ್ಲಿನ ಕೌನ್ಸಿಲಿಗೆ ಗೋಡೆಯ ಸರ್ಟಿಫಿಕೇಟು ಸಾಲದಂತೆ. ಅಲ್ಲಿನ ಕೌನ್ಸಿಲು ಮೊಹರು ಹಾಕಿದ ಲಕೋಟೆಯಲ್ಲಿ 'ಈಕೆ ನಿಜಕ್ಕೂ ನರ್ಸು' ಎಂದು ನೇರವಾಗಿ ಇವರಿಗೇ ಬರೆಯಬೇಕಂತೆ. ನನ್ನ ಕೈಗೆ ಕೊಡುವಂತಿಲ್ಲ (ದಾರಿಯಲ್ಲಿ ನಾನು ನನ್ನನ್ನೇ ಡಾಕ್ಟರ್ ಮಾಡಿಕೊಂಡುಬಿಟ್ಟರೆ?). ಯಾವ ಪಾಠ ಎಷ್ಟು ಗಂಟೆ ಓದಿದೆ ಎಂದು ಪಟ್ಟಿ ಬೇಕು. ಭಾಷೆಯ ಪರೀಕ್ಷೆ ಬೇಕು, ಅದರ ಅಂಕ ಎರಡು ವರ್ಷಕ್ಕೆ ಹಳಸುತ್ತದೆ. ಇದೆಲ್ಲ ಮುಗಿಯುವವರೆಗೆ ನಾನು ಒಂದು ವೃದ್ಧಾಶ್ರಮದಲ್ಲಿ ಸಹಾಯಕಿ. ಹಾಸಿಗೆ ಬದಲಿಸಬಹುದು, ತಲೆ ಬಾಚಬಹುದು, ಆದರೆ ಒಂದು ತಲೆನೋವಿನ ಮಾತ್ರೆಯನ್ನೂ ಮುಟ್ಟುವಂತಿಲ್ಲ. ಅಲ್ಲಿ ನನ್ನ ಜೊತೆಯವಳು ಇನ್ನೊಂದು ದೇಶದವಳು, ಒಬ್ಬಳೇ ನೂರಾರು ಹೆರಿಗೆ ಮಾಡಿಸಿದವಳು. ಅವಳೂ ಬಾಚಣಿಗೆ ಹಿಡಿದು ನಿಂತಿದ್ದಾಳೆ. ಇದೇ ದೇಶದಲ್ಲಿ ನೋಂದಣಿಯಾದ ನರ್ಸು ತಾನೇ ಚೀಟಿ ಬರೆದು ಔಷಧಿ ಕೊಡಬಹುದು. ಹೊಟ್ಟೆ ಉರಿಯದೆ ಇರುತ್ತದೆಯೇ?

ಕಟ್ಟಕಡೆಗೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಮಂಚದ ಮೇಲೆ ರೋಗಿಯ ಬದಲು ಗೊಂಬೆ, ಪಕ್ಕದಲ್ಲಿ ಮಾತ್ರೆ. ನಾನು ಹೋದವಳೇ "ಅಜ್ಜಾ, ಬಾಯಿ ತೆಗೀರಿ" ಎಂದೆ. ಪರೀಕ್ಷಕರು ಫೇಲು ಮಾಡಿದರು. ಯಾಕೆಂದರೆ ನಾನು ಗೊಂಬೆಯ ಹೆಸರು ಕೇಳಲಿಲ್ಲ, ಹುಟ್ಟಿದ ದಿನಾಂಕ ಕೇಳಲಿಲ್ಲ, ಮುಂಗೈಗೆ ಕಟ್ಟಿದ ಹೆಸರಿನ ಪಟ್ಟಿ ಓದಲಿಲ್ಲ!

"ಗೊಂಬೆಗೆ ಹುಟ್ಟುಹಬ್ಬ ಬೇರೆ ಕೇಡು" ಎಂದು ಮನೆಗೆ ಬಂದು ಕೂಗಾಡಿದೆ. "ನಮ್ಮ ವಾರ್ಡಲ್ಲಿ ಹನ್ನೆರಡನೇ ಬೆಡ್ ಅಂದ್ರೆ ಹನ್ನೆರಡನೇ ಬೆಡ್. ಅಲ್ಲಿಗೆ ಮಾತ್ರೆ ಹೋಗ್ತಿತ್ತು. ಯಾರೂ ಸತ್ತಿಲ್ಲ!"

"ಇಲ್ಲಿ ಹಾಗೆ ನಡೆಯಲ್ಲ ಕಣೇ. ಅವರ ಪದ್ಧತಿ ಅವರಿಗೆ..." ಎಂದು ಯಜಮಾನರು ಅಡ್ಡಗೋಡೆಯ ಮೇಲೆ ದೀಪವಿಟ್ಟರು.

"ಹುಟ್ಟಿದ ತಾರೀಕು ಹೇಳಿದ್ರೇನೇ ಮಾತ್ರೆ ಅಂದ್ರೆ ನನ್ನ ಗತಿ ಮುಗೀತು ಬಿಡು" ಎಂದರು ಅತ್ತೆ. "ನಾನು ಹುಟ್ಟಿದ್ದು ನಮ್ಮನೆ ಕೆಂಪು ಹಸು ಕರು ಹಾಕಿದ ದಿನ. ಯಾವ ತಿಂಗಳೋ, ಆ ಹಸೂನೇ ಕೇಳಬೇಕು."

ನಾನು ಸುಮ್ಮನೆ ಕೂರಲಿಲ್ಲ. ಕೌನ್ಸಿಲಿಗೆ ನಾಲ್ಕು ಪುಟದ ಮೇಲ್ಮನವಿ ಬರೆದೆ. 'ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಯಿಂದ ಒಬ್ಬರ ಮಾತ್ರೆ ಇನ್ನೊಬ್ಬರ ಹೊಟ್ಟೆಗೆ ಹೋದದ್ದಿಲ್ಲ' ಎಂಬ ಸಾಲಿನ ಕೆಳಗೆ ಎರಡು ಗೆರೆ ಎಳೆದೆ. ವಿಚಾರಣೆಗೆ ಕರೆ ಬಂತು. ಆ ತಿಂಗಳ ಕೊನೆಗೆ ನನ್ನ ಭಾಷೆಯ ಅಂಕ ಹಳಸುತ್ತಿತ್ತು. ಗೆದ್ದರೆ ನರ್ಸು. ಸೋತರೆ ಲಕೋಟೆ, ಗಂಟೆ, ಭಾಷೆ, ಎಲ್ಲವೂ ಮತ್ತೆ ಮೊದಲಿನಿಂದ. ನಲವತ್ತೈದನೇ ವಯಸ್ಸಿನಲ್ಲಿ ಅದು ನನ್ನಿಂದಾಗದ ಮಾತು.

ವಿಚಾರಣೆಯ ದಿನ ಬೆಳಿಗ್ಗೆ ಊಟದ ಮೇಜಿನ ಹತ್ತಿರ ಮೇಲ್ಮನವಿಯನ್ನು ಗಟ್ಟಿಯಾಗಿ ಓದುತ್ತ, ವೀರಾವೇಶದಿಂದ ಓಡಾಡುತ್ತಿದ್ದೆ. ಓದುತ್ತಲೇ ಮಾತ್ರೆಗಳನ್ನೂ ಇಟ್ಟೆ. ಕಿಟಕಿ ಪಕ್ಕದ ಕುರ್ಚಿ ನಂಬರ್ ಒಂದಕ್ಕೆ ವಿಟಮಿನ್ನು (ಯಜಮಾನರು), ಗೋಡೆ ಪಕ್ಕದ ಕುರ್ಚಿ ನಂಬರ್ ಎರಡಕ್ಕೆ ಬಿಪಿಗಾಗಿ ಡಾಕ್ಟರು ಬರೆದ, ಮೂತ್ರ ಹೆಚ್ಚಿಸುವ ನೀರಿನ ಮಾತ್ರೆ (ಅತ್ತೆ). ಆ ಮಾತ್ರೆ ತಿಂದರೆ ಅತ್ತೆ ಮಧ್ಯಾಹ್ನದವರೆಗೆ ಬಚ್ಚಲಿಗೂ ಮಂಚಕ್ಕೂ ಓಡಾಡುತ್ತಾರೆ. ಎರಡೂ ಬಿಳಿ, ಎರಡೂ ದುಂಡಗೆ. ನಾನು ಕುರ್ಚಿಗೆ ಕೊಟ್ಟೆ, ಕಾಗದ ನೋಡುತ್ತ.

ಕೌನ್ಸಿಲಿಗೆ ಕಾರಿನಲ್ಲಿ ಒಂದೂವರೆ ಗಂಟೆಯ ದಾರಿ. ಯಜಮಾನರು ಮೊದಲ ಪೆಟ್ರೋಲ್ ಬಂಕಿನಲ್ಲಿ ಗಾಡಿ ನಿಲ್ಲಿಸಿ ಓಡಿದರು. ಎರಡನೆಯದರಲ್ಲೂ ಓಡಿದರು. ಮೂರನೆಯದಕ್ಕೆ ನಾನು ಸಿಡಿದೆ.

"ಏನ್ರೀ ಇದು? ವಿಚಾರಣೆ ನನಗೆ, ಹೆದರಿಕೆ ನಿಮಗಾ?"

"ಹೆದರಿಕೆ ಅಲ್ಲ ಕಣೇ. ಒಳಗಡೆ ಯಾರೋ ನಲ್ಲಿ ತಿರುಗಿಸಿಬಿಟ್ಟಿದಾರೆ!"

ಕೌನ್ಸಿಲಿನ ಮೆಟ್ಟಿಲು ಹತ್ತುವಾಗ ಅತ್ತೆಯ ಫೋನು ಬಂತು. ದನಿಯಲ್ಲಿ ಹುರುಪೋ ಹುರುಪು. "ಏನಮ್ಮಾ, ಇವತ್ತು ಎಂಥ ಒಳ್ಳೆ ಮಾತ್ರೆ ಕೊಟ್ಟಿದೀಯೇ! ಬೆಳಿಗ್ಗೆಯಿಂದ ಒಂದು ಸಲಾನೂ ಏಳಲಿಲ್ಲ. ದಿನಾ ಇದನ್ನೇ ಕೊಡು."

ನಾನು ಮೆಟ್ಟಿಲಲ್ಲೇ ನಿಂತೆ. "ಅತ್ತೆ, ಬೆಳಿಗ್ಗೆ ನೀವು ಎಲ್ಲಿ ಕೂತಿದ್ರಿ?"

"ಅವನ ಕುರ್ಚೀಲಿ. ಕಿಟಕಿ ಹತ್ತಿರ ಬಿಸಿಲು ಬಂದಿತ್ತು, ಬೆನ್ನಿಗೆ ಹಿತವಾಗಿತ್ತು. ಯಾಕೆ?"

"ಏನಿಲ್ಲ. ನಾನು ಬರೋವರೆಗೂ ಇನ್ಯಾವ ಮಾತ್ರೇನೂ ಮುಟ್ಟಬೇಡಿ" ಎಂದು ಫೋನು ಇಟ್ಟೆ. ಒಂದು ಮಾತ್ರೆಯಿಂದ ಇಬ್ಬರಿಗೂ ಅಪಾಯವಿಲ್ಲ, ಅದು ನನಗೆ ಗೊತ್ತಿತ್ತು. ಅಪಾಯ ಇದ್ದದ್ದು ನನಗೆ. ಯಜಮಾನರು ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಅವರಿಗೆ ನೀರು ಕುಡಿಸಿ, ವಿಷಯ ಹೇಳಿದೆ.

"ಹಾಗಾದ್ರೆ ನಾನು ತಿಂದದ್ದು ಅಮ್ಮನ..."

"ಒಳಗೆ ಬಾಯಿ ಬಿಟ್ಟೀರಿ, ಜೋಕೆ."

ಒಳಗೆ ಮೂವರು ಕೂತಿದ್ದರು. ನಡುವೆ ಕನ್ನಡಕದ ಅಧ್ಯಕ್ಷೆ. ನಾನು ಎದೆ ಸೆಟೆಸಿ ಮಾತಾಡಿದೆ. ಅರವತ್ತು ಜನರನ್ನು ಒಬ್ಬಳೇ ನೋಡಿಕೊಂಡ ಕೈಗೆ ಗೊಂಬೆಯ ಸರ್ಟಿಫಿಕೇಟು ಬೇಕೇ ಎಂದೆ. ದೇಶ ಬದಲಾದರೆ ಜ್ವರ ಬದಲಾಗುತ್ತದೆಯೇ ಎಂದೆ. ಅಷ್ಟರಲ್ಲಿ ಯಜಮಾನರು ಎರಡು ಸಲ ಎದ್ದುಹೋಗಿ ಬಂದಿದ್ದರು.

ಅಧ್ಯಕ್ಷೆ ನಾಲ್ಕನೇ ಪುಟದ ಎರಡು ಗೆರೆಯ ಮೇಲೆ ಪೆನ್ನು ಇಟ್ಟರು. "ಇದು ನಿಜವೇ? ಒಂದು ಸಲವೂ ಇಲ್ಲವೇ?"

ಹೌದು ಎಂದರೆ ಮುಗಿಯುತ್ತಿತ್ತು. ಯಾರೂ ನೋಡಿಲ್ಲ. ಆದರೆ ಸುಳ್ಳು ಹೇಳಿ ನರ್ಸಾಗುವ ದರಿದ್ರ ನನಗೆ ಬಂದಿಲ್ಲ. ಉಗುಳಲೂ ನುಂಗಲೂ ಆಗದ ಬಿಸಿ ತುತ್ತನ್ನು ಮೇಜಿನ ಮೇಲೇ ಉಗುಳಿದೆ.

"ಇದನ್ನು ಬರೆದ ದಿನ ನಿಜ. ಇವತ್ತು ಬೆಳಿಗ್ಗೆ ಏಳೂವರೆಯಿಂದ ಸುಳ್ಳು. ರೋಗಿ ಹಿಂದೆ ಕೂತಿದ್ದಾರೆ" ಎಂದೆ. ತಿರುಗಿ ನೋಡಿದರೆ ಕುರ್ಚಿ ಖಾಲಿ. "ಈಗ ಬರುತ್ತಾರೆ."

ಎಲ್ಲವನ್ನೂ ಹೇಳಿದೆ. ಬಿಸಿಲು, ಕುರ್ಚಿ, ಪೆಟ್ರೋಲ್ ಬಂಕು ಯಾವುದನ್ನೂ ಬಿಡಲಿಲ್ಲ. ಕೊನೆಗೆ, "ಹೆಸರು ಕೇಳಬೇಕೆಂಬುದು ಈಗ ಒಪ್ಪಿದೆ. ಆದರೆ ನನಗೆ ಕೆಲಸ ಬರುವುದಿಲ್ಲ ಎಂಬುದನ್ನು ಸತ್ತರೂ ಒಪ್ಪುವುದಿಲ್ಲ" ಎಂದೆ.

ಮೂವರೂ ತಲೆ ಜೋಡಿಸಿ ಗುಸುಗುಸು ಮಾಡಿದರು. ಮೇಲ್ಮನವಿ ತಿರಸ್ಕೃತವಾಯಿತು. ಆದರೆ ತಪ್ಪನ್ನು ನಾನೇ ಹೇಳಿದ್ದರಿಂದ ಮುಂದಿನ ವಾರವೇ ಗೊಂಬೆಯ ಪರೀಕ್ಷೆ ಮತ್ತೆ ಕೊಡಬಹುದು, ಅಂಕ ಹಳಸುವ ಮುಂಚೆ. ನನಗೆ ಅಳು ಬಂತು, ತಡೆದುಕೊಂಡೆ.

ಆಗ ಯಜಮಾನರು ಒಳಗೆ ಬಂದರು. ಅಧ್ಯಕ್ಷೆ ಅವರ ಮುಂದೆ ಒಂದು ಹಾಳೆ ಇಟ್ಟರು. "ನಮ್ಮ ನಿಯಮದ ಪ್ರಕಾರ ನಿಮ್ಮನ್ನು ಕೇಳಲೇಬೇಕು. ಈ ನರ್ಸ್ ಮೇಲೆ ನಿಮ್ಮ ದೂರು ಏನಾದರೂ ಇದೆಯೇ?"

ಈ ದೇಶಕ್ಕೆ ಬಂದ ಮೇಲೆ ಯಾರಾದರೂ ನನ್ನನ್ನು ನರ್ಸ್ ಎಂದದ್ದು ಅದೇ ಮೊದಲು. ನನ್ನ ಕಣ್ಣು ತುಂಬಿತು. ಯಜಮಾನರ ಕಣ್ಣೂ ಹೊಳೆಯಿತು, ಆದರೆ ಅದಕ್ಕೆ ಕಾರಣ ಬೇರೆ. ಮದುವೆಯಾದ ಹತ್ತೊಂಬತ್ತು ವರ್ಷದಲ್ಲಿ ಇಂಥ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಅವರು ಕುರ್ಚಿ ಎಳೆದು ನೆಟ್ಟಗೆ ಕೂತು, ಪೆನ್ನಿನ ಮುಚ್ಚಳ ತೆಗೆದರು.

"ಮೇಡಂ, ಇವತ್ತಿನದು ಮಾತ್ರ ಬರೀಬೇಕಾ, ಅಥವಾ ಮೊದಲಿಂದ ಬರೀಲಾ? ಮೊದಲಿಂದ ಆದ್ರೆ ಇನ್ನೂ ನಾಲ್ಕು ಹಾಳೆ ಕೊಡಿ."